ಗುದ್ದಿದ್ದು ಹಿಂದೆ, ಸೊಟ್ಟಗಾದದ್ದು ಎಲ್ಲಿ?

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ರಾತ್ರಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಇನ್ನೊಂದು ಲಾರಿ ಗುದ್ದಿತು ಎಂಬ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಕ್ರೇನಿನಲ್ಲಿ ಎಳೆದು ತಂದ ಲಾರಿ ತುಮಕೂರೋ ಚಿತ್ರದುರ್ಗವೋ ಹುಬ್ಬಳ್ಳಿಯೋ, ಊರ ಹೊರಗಿನ ಒಂದು ಗ್ಯಾರೇಜಿನ ಅಂಗಳ ಸೇರುತ್ತದೆ. ಒಡೆದ ದೀಪ, ಮುರಿದ ಹಿಂಬಾಗಿಲು ಯಾರ ಕಣ್ಣಿಗಾದರೂ ಬೀಳುತ್ತವೆ. ಚಾಸಿಗೆ ಏನಾಗಿದೆ ಎಂದು ಹೇಳಬಲ್ಲ ಮೇಸ್ತ್ರಿಗಳು ಮಾತ್ರ ಕಡಿಮೆ.

ಚಾಸಿ ನೋಡಲು ಏಣಿಯಂತೆ. ಉದ್ದಕ್ಕೆ ‘ಸಿ’ ಆಕಾರದ ಎರಡು ಲಾಂಗ್ ಮೆಂಬರ್, ಅವುಗಳ ನಡುವೆ ಕ್ರಾಸ್ ಮೆಂಬರ್‌ಗಳು. ಎಂಜಿನ್, ಬ್ಲೇಡ್ ಸೆಟ್, ಬಾಡಿ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ. ಪೆಟ್ಟು ನೇರವಾಗಿ ಬಿದ್ದರೆ ಹಿಂಗಾಲಿಯಾಚೆ ಚಾಚಿಕೊಂಡ ತುದಿ ಬಾಗುತ್ತದೆ, ಇಲ್ಲವೇ ಸುಕ್ಕುಗಟ್ಟುತ್ತದೆ. ಒಂದು ಮೂಲೆಗೆ ಬಿದ್ದರೆ ಆ ಬದಿಯ ಲಾಂಗ್ ಮೆಂಬರ್ ಇನ್ನೊಂದಕ್ಕಿಂತ ಮುಂದಕ್ಕೆ ಜರುಗಿ ಇಡೀ ಚೌಕಟ್ಟು ಓರೆಯಾಗುತ್ತದೆ. ಇದಕ್ಕೆ ಡೈಮಂಡ್ ಎಂದು ಹೆಸರು. ಅಂಥ ಲಾರಿಯೂ ಓಡುತ್ತದೆ. ಆದರೆ ಹಿಂದಿನ ಗಾಲಿಗಳು ಮುಂದಿನವುಗಳ ಜಾಡು ಹಿಡಿಯುವುದಿಲ್ಲ. ಡ್ರೈವರ್ ಸ್ಟೀರಿಂಗನ್ನು ಒಂದು ಕಡೆಗೆ ಬಿಗಿಹಿಡಿದೇ ಕೂರಬೇಕು, ಟೈರು ಅಡ್ಡಾದಿಡ್ಡಿ ಸವೆಯುತ್ತದೆ. ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅದರ ಬೆಲೆ ತೆರುವವರು ಪಕ್ಕದಲ್ಲಿ ಬೈಕಿನಲ್ಲಿ ಹೋಗುತ್ತಿರುವವರೂ ಆಗಬಹುದು.

ಹೀಗಾಗಿ ಈ ಕೆಲಸದ ಜೀವ ಇರುವುದು ಅಳತೆಯಲ್ಲಿ. ಮೊದಲು ಲೋಡ್ ಇಳಿಸಬೇಕು, ನೆಲ ಮಟ್ಟವಾಗಿರಬೇಕು, ಟೈರುಗಳ ಗಾಳಿ ಸಮನಾಗಿರಬೇಕು. ನಂತರ ಕೆಸರು ತೊಳೆದು ಕಣ್ಣಿನ ಪರೀಕ್ಷೆ. ಬಣ್ಣ ಬಿರಿದ ಗೆರೆ, ರಿವೆಟ್ ತಲೆಯ ಸುತ್ತ ಸುರಿದ ಕೆಂಪು ತುಕ್ಕು, ಮೊಟ್ಟೆಯಾಕಾರಕ್ಕೆ ಹಿಗ್ಗಿದ ತೂತು: ಲೋಹ ಎಲ್ಲಿ ಅಲುಗಾಡಿದೆ ಎಂಬುದಕ್ಕೆ ಇವೇ ಸಾಕ್ಷಿ. ಆಮೇಲೆ ಗಾರೆ ಕೆಲಸದವರು ಬಳಸುವ ತೂಗುಗುಂಡನ್ನೇ ಚಾಸಿಯ ಎರಡೂ ಬದಿಯ ಒಂದೇ ಸ್ಥಾನದ ತೂತುಗಳಿಂದ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಗುರುತಿನಿಂದ ಗುರುತಿಗೆ ಓರೆಯಾಗಿ ಟೇಪ್ ಹಿಡಿದಾಗ ಎರಡೂ ಅಳತೆ ಒಂದೇ ಬರಬೇಕು. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಕ್ಕೆ ಕಾರಣವಿದೆ. ಇನ್ನು ತಿರುಚುವಿಕೆ. ಚಾಸಿಯ ಕೆಳಗೆ ಮೂರ್ನಾಲ್ಕು ಕಡೆ ಅಡ್ಡ ಸರಳುಗಳನ್ನು ತೂಗಿಬಿಟ್ಟು ಒಂದು ತುದಿಯಿಂದ ಕಣ್ಣು ಹಾಯಿಸಿದರೆ, ಓರೆಯಾಗಿ ನಿಂತ ಸರಳು ಅದನ್ನು ಹೇಳಿಬಿಡುತ್ತದೆ. ಲೇಸರ್ ಯಂತ್ರವಿರುವ ವರ್ಕ್‌ಶಾಪುಗಳಲ್ಲೂ ತತ್ವ ಇದೇ.

ರಿಪೇರಿಯಲ್ಲಿ ದೊಡ್ಡ ಆಮಿಷವೆಂದರೆ ಬೆಂಕಿ. ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿದರೆ ಉಕ್ಕು ಹೇಳಿದಂತೆ ಕೇಳುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಚಾಸಿಗೆ ಬಳಸುವುದು ಹೆಚ್ಚು ಬಲದ ಉಕ್ಕು. ಕಾಯಿಸಿದ ಜಾಗದಲ್ಲಿ ಆ ಬಲ ಕುಂದಬಹುದು. ತುಂಬು ಲೋಡ್ ಬಿದ್ದ ದಿನ ಬಿರುಕು ಬಿಡುವುದು ಅಲ್ಲಿಯೇ. ಬಲ್ಲವರು ಕಾಂಕ್ರೀಟಿನಲ್ಲಿ ಹೂತ ಕೊಂಡಿಗೆ ಚೈನು ಬಿಗಿದು, ಹೈಡ್ರಾಲಿಕ್ ಜಾಕಿಯಿಂದ ತಣ್ಣಗೇ ಎಳೆಯುತ್ತಾರೆ. ಕೊನೆಗೆ ಬಾಗಿದ್ದನ್ನು ಮೊದಲು ಬಿಡಿಸುತ್ತಾರೆ. ಜಾಕಿ ಸಡಿಲಿಸಿದೊಡನೆ ಉಕ್ಕು ಸ್ವಲ್ಪ ಹಿಂದಕ್ಕೆ ಬರುವುದರಿಂದ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎಳೆಯಬೇಕು. ಎಷ್ಟು ಎಂಬುದನ್ನು ಯಾವ ಪುಸ್ತಕವೂ ಕಲಿಸಲಾರದು. ಅದು ಕೈಗೆ ಬರಬೇಕು, ವರ್ಷಗಳು ಹಿಡಿಯುತ್ತವೆ. ಲಾಂಗ್ ಮೆಂಬರಿನ ಮೇಲಿನ, ಕೆಳಗಿನ ಮಡಿಕೆಗಳೇ ಭಾರದ ಎಳೆತವನ್ನು ತಾಳುವುದರಿಂದ ಅಲ್ಲಿ ತೂತು ಕೊರೆಯುವುದಾಗಲಿ ಮನಬಂದಂತೆ ವೆಲ್ಡಿಂಗ್ ಮಾಡುವುದಾಗಲಿ ಕೂಡದು. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಲಾರಿಗಳಲ್ಲಿ ಎಲ್ಲೇ ವೆಲ್ಡಿಂಗ್ ಮಾಡಿದರೂ ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು. ಇಲ್ಲವಾದರೆ ಎಲೆಕ್ಟ್ರಾನಿಕ್ ಯೂನಿಟ್ ಸುಟ್ಟುಹೋಗಬಹುದು.

ಮಡಿಕೆಯೇ ಹರಿದಿದ್ದರೆ ನೆಟ್ಟಗೆ ಮಾಡುವ ಹಟ ಬಿಟ್ಟು ಲಾಂಗ್ ಮೆಂಬರ್ ಬದಲಿಸುವುದೇ ಸರಿ. ಕಂತು ಕಟ್ಟುತ್ತಿರುವ ಮಾಲೀಕರಿಗೆ ಇದು ಕಹಿ ಮಾತು. ಲಾರಿ ನಿಂತ ಒಂದೊಂದು ದಿನವೂ ನಷ್ಟ. ಚಾಸಿ ನಂಬರ್ ಕೊರೆದಿರುವ ಭಾಗವನ್ನೇ ಬದಲಿಸುವುದಾದರೆ ಆರ್‌ಟಿಒ ಕಚೇರಿಗೂ ಓಡಾಡಬೇಕು. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75 ದಾಟಿದರೆ ವಿಮೆಯ ಲೆಕ್ಕದಲ್ಲಿ ಗಾಡಿ ಪೂರ್ತಿ ನಷ್ಟವಾದಂತೆ. ಇಷ್ಟೆಲ್ಲ ಒತ್ತಡದ ನಡುವೆ ‘ಇದು ಆಗಲ್ಲ ಸಾರ್, ಬದಲಾಯಿಸಿ’ ಎನ್ನುವ ಮೇಸ್ತ್ರಿಯನ್ನು ನಾನು ಬಹಳ ಗೌರವಿಸುತ್ತೇನೆ.

ರಿಪೇರಿಯ ಗಡಿಬಿಡಿಯಲ್ಲಿ ಮರೆತುಹೋಗಬಹುದಾದದ್ದು ಹಿಂಭಾಗದ ಅಡ್ಡ ಪಟ್ಟಿ. ಗುದ್ದಿದ ಕಾರು ಲಾರಿಯ ಕೆಳಗೆ ನುಗ್ಗದಂತೆ ತಡೆಯುವುದು ಅದೇ. 1967ರ ಜೂನ್‌ನಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಹೀಗೆ ಟ್ರೈಲರಿನ ಕೆಳಗೆ ನುಗ್ಗಿದ ಕಾರಿನಲ್ಲಿ ತೀರಿಕೊಂಡರು. ಅಲ್ಲಿ ಈ ಪಟ್ಟಿಗೆ ಅವರ ಹೆಸರೇ ಅಂಟಿಕೊಂಡಿತು. ನಮ್ಮಲ್ಲೂ ಇದಕ್ಕೆ ಐಎಸ್ 14812 ಎಂಬ ಮಾನದಂಡವಿದೆ. ಪಟ್ಟಿ ನಿಂತಿರುವುದು ಚಾಸಿಯ ಆಧಾರದಲ್ಲಿ. ಚಾಸಿಯ ತುದಿ ಮೇಲಕ್ಕೆ ಬಾಗಿ ಉಳಿದರೆ ಪಟ್ಟಿಯೂ ಮೇಲೇರುತ್ತದೆ, ಕೆಳಗಿನ ಸಂದು ಹಿಗ್ಗುತ್ತದೆ.

ಲಾರಿ ಬಿಡಿಸಿಕೊಳ್ಳುವಾಗ ಮಾಲೀಕರು ಬಿಲ್ಲಿನ ಜೊತೆ ರಿಪೇರಿಗೆ ಮುಂಚಿನ, ನಂತರದ ಅಳತೆಗಳ ಚೀಟಿಯನ್ನೂ ಕೇಳಿ ಪಡೆಯಬೇಕು. ಲೋಡ್ ಹೇರಿ ಒಂದು ಟ್ರಿಪ್ ಓಡಿಸಿದ ಮೇಲೆ ಮತ್ತೆ ತಂದು ನಿಲ್ಲಿಸಬೇಕು: ರಿವೆಟ್ ಕಿತ್ತ ಕಡೆ ಹಾಕಿದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಲೋಡ್ ಇಳಿಸಿ, ಅವೇ ತೂತುಗಳಿಂದ ಮತ್ತೆ ಟೇಪ್ ಹಿಡಿಯಬೇಕು.