ಪೋಲಿಷ್ ಕುಲನಾಮಗಳಲ್ಲಿ ‘–ಸ್ಕಿ’ ಪ್ರತ್ಯಯ

ಪೋಲೆಂಡಿನ ಕುಲನಾಮಗಳಲ್ಲಿ ಬಹುಸಂಖ್ಯೆಯವು ‘–ಸ್ಕಿ’ ಎಂದು ಮುಗಿಯುತ್ತವೆ. ಇದನ್ನು ಧರಿಸಿದವರೆಲ್ಲರೂ ಕುಲೀನವಂಶದವರೆಂಬ ಭಾವನೆ ಬಹುಕಾಲದಿಂದ ರೂಢವಾಗಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೆ ಎಷ್ಟಿದೆಯೆಂಬುದನ್ನು ಅರಿಯಲು ಮೊದಲು ವ್ಯಾಕರಣವನ್ನು ನೋಡಬೇಕು.

‘–ಸ್ಕಿ’ ಎಂಬುದು ನಾಮಪದಕ್ಕೆ ಸೇರಿ ‘ಅದಕ್ಕೆ ಸಂಬಂಧಿಸಿದ’ ಎಂಬರ್ಥವನ್ನು ಕೊಡುವ ವಿಶೇಷಣ ಪ್ರತ್ಯಯ. ಸಂಸ್ಕೃತದ ತದ್ಧಿತಗಳನ್ನು ಬಲ್ಲವರಿಗೆ ಈ ರೀತಿ ಅಪರಿಚಿತವೆನಿಸದು. ವಿಶೇಷಣವಾದುದರಿಂದಲೇ ಇದು ಲಿಂಗವನ್ನನುಸರಿಸಿ ಮಾರ್ಪಡುತ್ತದೆ: ಸ್ಕ್ಲೊಡೊವ್ಸ್ಕಿಯ ಮಗಳು ಸ್ಕ್ಲೊಡೊವ್ಸ್ಕಾ, ವಿಜ್ಞಾನಿ ಮೇರಿ ಕ್ಯೂರಿಯ ತವರಿನ ಹೆಸರು ಇದೇ. ಮಧ್ಯಯುಗದ ಭೂಸ್ವಾಮಿಯು ತನ್ನ ಗ್ರಾಮದಿಂದ ಗುರುತಿಸಲ್ಪಡುತ್ತಿದ್ದನು. ‘ಜಮೋಶ್ಚ್ ಗ್ರಾಮದ ಇಂಥವನು’ ಎಂಬ ವಾಕ್ಯಖಂಡವೇ ಕಾಲಕ್ರಮದಲ್ಲಿ ‘ಜಮೊಯ್ಸ್ಕಿ’ ಎಂಬ ಒಂದು ಪದವಾಗಿ ಸಂಕ್ಷೇಪಗೊಂಡಿತು. ಗ್ರಾಮದ ಒಡೆತನ ಕುಲೀನರದಾಗಿದ್ದುದರಿಂದ ಪ್ರತ್ಯಯಕ್ಕೂ ಆ ಗೌರವ ಅಂಟಿಕೊಂಡಿತು.

ತೊಡಕಿರುವುದು ಇದರ ಮುಂದೆ. ‘ಕೊವಾಲ್’ ಎಂದರೆ ಕಮ್ಮಾರ. ಹಾಗಾದರೆ ‘ಕೊವಾಲ್ಸ್ಕಿ’ ಕಮ್ಮಾರನ ವಂಶಜನೇ? ಅವಶ್ಯವಾಗಿ ಅಲ್ಲ. ಪೋಲೆಂಡಿನಲ್ಲಿ ‘ಕೊವಾಲೆ’ ಎಂಬ ಊರುಗಳು ಹಲವಿವೆ. ಅರಸನಿಗೆ ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದವರು ನೆಲಸಿದ ಹಳ್ಳಿಗಳಿಗೆ ಅವರ ವೃತ್ತಿಯೇ ಹೆಸರಾಗುತ್ತಿತ್ತು. ಅಂಥ ಊರಿನ ಒಡೆಯನೂ ಕೊವಾಲ್ಸ್ಕಿ; ಅಲ್ಲಿಂದ ಪಟ್ಟಣಕ್ಕೆ ವಲಸೆ ಬಂದವನೂ ಕೊವಾಲ್ಸ್ಕಿ; ‘ಕೊವಾಲ್’ ಎಂಬ ಹೆಸರು ಸಾಲದೆಂದು ಕುಲೀನರನ್ನನುಕರಿಸಿ ಪ್ರತ್ಯಯ ಸೇರಿಸಿಕೊಂಡ ಕಮ್ಮಾರನ ಮಗನೂ ಕೊವಾಲ್ಸ್ಕಿ. ಮೂವರಿಗೂ ಹೆಸರೊಂದೇ, ಚರಿತ್ರೆ ಬೇರೆ. ಪದನಿಷ್ಪತ್ತಿಯಿಂದ ಪದದ ಮೂಲ ತಿಳಿದೀತು, ಮನೆತನದ ಮೂಲ ತಿಳಿಯದು. ಅದಕ್ಕೆ ಚರ್ಚಿನ ದಾಖಲೆಗಳನ್ನೇ ಶೋಧಿಸಬೇಕು. 1563ರಲ್ಲಿ ಟ್ರೆಂಟ್ ಧರ್ಮಸಭೆಯು ವಿವಾಹದಾಖಲೆಗಳನ್ನು ಕಡ್ಡಾಯಗೊಳಿಸಿದ್ದು ಈ ದೃಷ್ಟಿಯಿಂದ ಸಂಶೋಧಕರಿಗೆ ಮಹೋಪಕಾರ.

ಇನ್ನು, ಕುಲೀನರೆಲ್ಲರೂ ‘–ಸ್ಕಿ’ಗಳೂ ಅಲ್ಲ. ಪೂರ್ವದಲ್ಲಿ, ಹಿಂದಿನ ಲಿಥುವೇನಿಯಾ ಮಹಾಸಂಸ್ಥಾನದ ಪ್ರದೇಶದಲ್ಲಿ, ‘ಇಂಥವನ ಮಗ’ ಎಂಬರ್ಥದ ‘–ವಿಚ್’ ಪ್ರತ್ಯಯವೇ ಕುಲೀನರಲ್ಲಿ ಬಹುಪ್ರಚಲಿತ. ಕವಿ ಆದಮ್ ಮಿತ್ಸ್ಕ್ಯೆವಿಚ್‌ನ ಹೆಸರಿನಲ್ಲಿ ಅಡಗಿರುವುದು ‘ದ್ಮಿತ್ರಿ’ಯ ಮುದ್ದಿನ ರೂಪ. ಅತ್ತ, ‘ವಾರ್ಷಾವ್ಸ್ಕಿ’ ಎಂಬುದು ವಾರ್ಸಾ ನಗರದಿಂದ ಬಂದ ಹೆಸರು; ಅದನ್ನು ಧರಿಸಿದವರಲ್ಲಿ ಯೆಹೂದ್ಯರು ಅನೇಕರು. 1772ರಿಂದ 1795ರವರೆಗಿನ ವಿಭಜನೆಗಳಲ್ಲಿ ದೇಶವನ್ನು ಹಂಚಿಕೊಂಡ ಪ್ರಭುತ್ವಗಳು ತೆರಿಗೆ, ಸೈನ್ಯಗಳ ಲೆಕ್ಕಕ್ಕಾಗಿ ಎಲ್ಲರಿಗೂ ಸ್ಥಿರವಾದ ಕುಲನಾಮವಿರಬೇಕೆಂದು ಬಯಸಿದವು. ಆಸ್ಟ್ರಿಯದ ಎರಡನೆಯ ಜೋಸೆಫನು ಯೆಹೂದ್ಯರಿಗೆ ಹಾಗೆ ವಿಧಿಸಿದ್ದು 1787ರಲ್ಲಿ.

ಇಷ್ಟಾಗಿಯೂ ಪೋಲೆಂಡಿನಲ್ಲಿ ಅತ್ಯಧಿಕ ಪ್ರಚಾರದಲ್ಲಿರುವ ಕುಲನಾಮಕ್ಕೆ ಈ ಪ್ರತ್ಯಯವೇ ಇಲ್ಲವೆಂಬುದು ಸ್ವಾರಸ್ಯಕರ. ಅದು ‘ನೋವಾಕ್’: ಊರಿಗೆ ಹೊಸದಾಗಿ ಬಂದವನು. ಇದರ ಮೂಲವಾದ ‘ನೋವಿ’ ಶಬ್ದವೂ ಸಂಸ್ಕೃತದ ‘ನವ’ವೂ ಜ್ಞಾತಿಪದಗಳು. ಹಿಂದೆ ನೋವಾಕನ ಹೆಂಡತಿ ‘ನೋವಾಕೋವಾ’, ಮಗಳು ‘ನೋವಾಕುವ್ನಾ’ ಎನಿಸುತ್ತಿದ್ದರು. ಈಗ ಆ ಭೇದ ಬಹುಮಟ್ಟಿಗೆ ಅಳಿದು, ಮೂವರೂ ನೋವಾಕರೇ ಆಗಿದ್ದಾರೆ.