ಡೇನಿಷ್ ಸಮಾಜದಲ್ಲಿ ‘ಜನ’ ಎಂಬ ಪದದ ಅರ್ಥವಿಸ್ತಾರ

ಒಂದು ನಾಡಿನ ಚರಿತ್ರೆಯನ್ನು ಅರಸರ ವಂಶಾವಳಿಯಿಂದ ತಿಳಿಯುವುದು ಒಂದು ಬಗೆ. ಆ ನಾಡಿನವರ ನಾಲಗೆಯ ಮೇಲೆ ನಿತ್ಯವೂ ನಲಿಯುವ ಒಂದು ಪದದ ಬೆಳವಣಿಗೆಯನ್ನು ಹಿಂಬಾಲಿಸಿ ತಿಳಿಯುವುದು ಇನ್ನೊಂದು ಬಗೆ. ಯುರೋಪಿನ ಉತ್ತರ ಭಾಗದಲ್ಲಿರುವ, ಸುಮಾರು 60 ಲಕ್ಷ ಜನಸಂಖ್ಯೆಯ ಡೆನ್ಮಾರ್ಕ್ ದೇಶದ ವಿಷಯದಲ್ಲಿ ಎರಡನೆಯ ಬಗೆಯೇ ಹೆಚ್ಚು ಫಲಕಾರಿಯಾದುದು. ಡೇನಿಷ್ ಭಾಷೆಯಲ್ಲಿ ‘ಫೊಲ್ಕ್’ ಎಂದರೆ ಜನ. ಅಲ್ಲಿಯ ಶಾಸನಸಭೆಗೆ ‘ಫೊಲ್ಕೆಟಿಂಗ್’ ಎಂದು ಹೆಸರು, ಎಂದರೆ ಜನಸಭೆ. ಮಕ್ಕಳು ಕಲಿಯುವ ಸಾರ್ವಜನಿಕ ಶಾಲೆ ‘ಫೊಲ್ಕೆಸ್ಕೋಲೆ’. ರಾಷ್ಟ್ರದ ಲೂಥರನ್ ಚರ್ಚು ‘ಫೊಲ್ಕೆಕಿರ್ಕೆ’. ಮುಪ್ಪಿನಲ್ಲಿ ದೊರೆಯುವ ವೇತನ ‘ಫೊಲ್ಕೆಪೆನ್ಶನ್’. ಶಾಸನ, ಶಿಕ್ಷಣ, ಧರ್ಮ, ಮುಪ್ಪಿನ ಆಸರೆ ಈ ನಾಲ್ಕಕ್ಕೂ ಒಂದೇ ಪದ ತಲೆಬಾಗಿಲಾಗಿರುವುದು ಆಕಸ್ಮಿಕವಲ್ಲ. ‘ಪ್ರಜೆ’ ಎಂಬ ಮಾತಿನಲ್ಲಿ ಅರಸನ ನೆನಪು ಉಳಿದಿದೆ. ‘ಜನ’ ಎಂಬಲ್ಲಿ ಅದಿಲ್ಲ. ಅರಸನಿಗೆ ಸೇರಿದ ಪ್ರಜೆಗಳು ತಮಗೆ ತಾವೇ ಸೇರಿದ ಜನರಾದ ಬಗೆಯೇ ಡೆನ್ಮಾರ್ಕಿನ ಈಚಿನ ಎರಡು ಶತಮಾನಗಳ ಕಥೆ. ಆ ಜನರಲ್ಲಿ ಯಾರು ಸೇರಿದರು, ಯಾರು ಹೊರಗುಳಿದರು ಎಂಬುದೂ ಅದೇ ಕಥೆಯ ಭಾಗ.

18ನೆಯ ಶತಮಾನದ ಡೇನಿಷ್ ರೈತನು ಸ್ವತಂತ್ರನಾಗಿರಲಿಲ್ಲ. 1733ರಲ್ಲಿ ಬಂದ ಕಟ್ಟಳೆಯೊಂದರ ಪ್ರಕಾರ, ಗೊತ್ತಾದ ವಯಸ್ಸಿನೊಳಗಿನ ಹಳ್ಳಿಯ ಗಂಡಸರು ತಾವು ಹುಟ್ಟಿದ ಜಹಗೀರನ್ನು ಬಿಟ್ಟು ಹೋಗುವಂತಿರಲಿಲ್ಲ. 1788ರಲ್ಲಿ ಈ ಬಂಧನವನ್ನು ಹಂತಹಂತವಾಗಿ ಸಡಿಲಿಸುವ ಶಾಸನವಾಯಿತು. ಚದುರಿಹೋಗಿದ್ದ ಹೊಲದ ತುಂಡುಗಳನ್ನು ಒಗ್ಗೂಡಿಸಿ ಹಂಚಲಾಯಿತು. ಗೇಣಿದಾರರಲ್ಲಿ ಅನೇಕರು ಭೂಮಿಯ ಒಡೆಯರಾದರು. 1814ರಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂದಿತು. ರಾಜ್ಯಾಂಗವು ಬರುವ ಮೊದಲೇ ರೈತನ ಕೈಗೆ ನೆಲವೂ ಅಕ್ಷರವೂ ಬಂದಿದ್ದುವೆಂಬುದನ್ನು ಇಲ್ಲಿ ಮರೆಯಬಾರದು. 1660ರಿಂದ ನಡೆದುಬಂದ ನಿರಂಕುಶ ಪ್ರಭುತ್ವವು 1849ರ ಜೂನ್ 5ರ ರಾಜ್ಯಾಂಗದೊಡನೆ, ರಕ್ತಪಾತವಿಲ್ಲದೆ, ಕೊನೆಗೊಂಡಿತು.

ಆದರೆ ನೆಲ, ಅಕ್ಷರ, ಮತ ಇವಿಷ್ಟೇ ಜನಸಮೂಹವನ್ನು ಒಂದು ‘ಜನ’ವಾಗಿ ಮಾಡಲಾರವೆಂದು ಕಂಡವರು ಎನ್.ಎಫ್.ಎಸ್. ಗ್ರುಂಡ್‌ಟ್ವಿಗ್ (1783–1872). ಇವರು ಪಾದ್ರಿ, ಕವಿ, ಇತಿಹಾಸಕಾರ, ಕೀರ್ತನಕಾರ. ಅಂದಿನ ಲ್ಯಾಟಿನ್ ಶಾಲೆಗಳಲ್ಲಿ ಸತ್ತ ಭಾಷೆಯ ವ್ಯಾಕರಣವನ್ನು ಉರುಹೊಡೆಸುತ್ತಿದ್ದುದನ್ನು ಅವರು ಕಟುವಾಗಿ ಖಂಡಿಸಿದರು. ವಿದ್ಯೆಯೆಂಬುದು ತಾಯ್ನುಡಿಯಲ್ಲಿ, ಗುರುವಿನ ಬಾಯಿಂದ ಕೇಳುವವನ ಎದೆಗೆ ನೇರವಾಗಿ ಹರಿಯಬೇಕು. ‘ಜೀವಂತ ನುಡಿ’ಯೇ ಅದರ ವಾಹಕ ಎಂಬುದು ಅವರ ನಿಲುವು. ಈ ಚಿಂತನೆಯ ಫಲವಾಗಿ 1844ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ‘ಜನತಾ ಪ್ರೌಢಶಾಲೆ’ ಆರಂಭವಾಯಿತು. 1851ರಲ್ಲಿ ಕ್ರಿಸ್ಟೆನ್ ಕೋಲ್ಡ್ ಎಂಬ ಉಪಾಧ್ಯಾಯರು ರೈತರ ಮಕ್ಕಳೊಡನೆ ಒಂದೇ ಸೂರಿನಡಿ ವಾಸಿಸುತ್ತ ಇನ್ನೊಂದು ಶಾಲೆಯನ್ನು ನಡೆಸತೊಡಗಿದರು. ಈ ಶಾಲೆಗಳಲ್ಲಿ ಪರೀಕ್ಷೆಯಿಲ್ಲ, ಅಂಕಗಳಿಲ್ಲ, ಪದವಿಯಿಲ್ಲ. ಬೇಸಾಯದ ಬಿಡುವಿನಲ್ಲಿ ಬಂದ ತರುಣ ತರುಣಿಯರು ಕೆಲವು ತಿಂಗಳು ಇದ್ದು ಚರಿತ್ರೆ, ಸಾಹಿತ್ಯ, ಹಾಡು, ಚರ್ಚೆಗಳಲ್ಲಿ ಕಾಲ ಕಳೆದು ಊರಿಗೆ ಮರಳುವರು. ಪ್ರಮಾಣಪತ್ರವನ್ನು ಕೊಡದ ಶಾಲೆಯಿಂದ ಏನು ಲಾಭವೆಂದು ಕೇಳುವವರಿಗೆ ಮುಂದಿನ ಚರಿತ್ರೆಯೇ ಉತ್ತರವಿತ್ತಿತು. ಕನ್ನಡ ನಾಡಿಗೂ ಈ ಮಾದರಿಯ ಗಾಳಿ ಬೀಸಿದುದುಂಟು: ಹಳೆಯ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ನಂಜನಗೂಡಿನಲ್ಲಿಯೂ ಅನಂತರ ಇತರೆಡೆಗಳಲ್ಲಿಯೂ ಗ್ರಾಮೀಣ ತರುಣರಿಗಾಗಿ ತೆರೆದ ವಿದ್ಯಾಪೀಠಗಳಿಗೆ ಡೆನ್ಮಾರ್ಕಿನ ಈ ಶಾಲೆಗಳೇ ಮೇಲ್ಪಂಕ್ತಿಯಾಗಿದ್ದುವು.

1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು. ಶ್ಲೇಸ್ವಿಗ್, ಹೋಲ್‌ಸ್ಟೈನ್, ಲೌವೆನ್‌ಬುರ್ಗ್ ಪ್ರಾಂತಗಳು ಕೈಬಿಟ್ಟುವು. ರಾಜ್ಯದ ವಿಸ್ತೀರ್ಣದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೋಯಿತು. ರೋಡಿಂಗ್ ಶಾಲೆಯಿದ್ದ ಊರೇ ಪರರ ಪಾಲಾಯಿತು. ಅಲ್ಲಿಯ ಅಧ್ಯಾಪಕರು ಎದೆಗುಂದದೆ, ಹೊಸ ಗಡಿಯ ಈಚೆಗೆ ಆಸ್ಕೋವ್ ಎಂಬಲ್ಲಿ 1865ರಲ್ಲಿ ಶಾಲೆಯನ್ನು ಮುಂದುವರಿಸಿದರು. ಕಳೆದುಹೋದ ನೆಲವನ್ನು ಖಡ್ಗದಿಂದ ಮರಳಿ ಪಡೆಯುವ ಹಂಬಲವನ್ನು ಬಿಟ್ಟು, ಉಳಿದ ನೆಲವನ್ನು ಫಲವತ್ತಾಗಿಸುವ ಕಡೆಗೆ ಜನರು ಮನಸ್ಸು ತಿರುಗಿಸಿದರು. 1866ರಲ್ಲಿ ಡಾಲ್ಗಾಸ್ ಮೊದಲಾದವರು ಸ್ಥಾಪಿಸಿದ ಸಂಘವು ಯುಟ್‌ಲಂಡಿನ ಬಂಜರು ಭೂಮಿಯಲ್ಲಿ ಮರ ಬೆಳೆಸಿ, ನೀರು ಹಾಯಿಸಿ, ಸಾಗುವಳಿಗೆ ತಂದಿತು. ಅಂದಿನಿಂದ ಡೇನಿಷ್ ರಾಷ್ಟ್ರಾಭಿಮಾನವು ವಿಸ್ತಾರದ ಹೆಮ್ಮೆಯನ್ನು ತೊರೆದು ಒಳಗಿನ ಕೂಡುಬಾಳಿನ ಹೆಮ್ಮೆಯನ್ನು ಆಶ್ರಯಿಸಿತು.

ಅನತಿಕಾಲದಲ್ಲಿಯೇ ಅಮೆರಿಕ ಮತ್ತು ರಷ್ಯಗಳಿಂದ ಅಗ್ಗದ ಧಾನ್ಯವು ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಧಾನ್ಯ ಮಾರಿ ಬದುಕುತ್ತಿದ್ದ ಡೇನಿಷ್ ರೈತನು ಹೈನಿನ ಕಡೆ ಹೊರಳಬೇಕಾಯಿತು. ಆದರೆ ನಾಲ್ಕು ಹಸುಗಳ ಒಡೆಯನು ಒಳ್ಳೆಯ ಬೆಣ್ಣೆಯನ್ನು ತೆಗೆದು ಇಂಗ್ಲೆಂಡಿಗೆ ಕಳುಹಿಸುವುದು ಹೇಗೆ? ಆಗ ಹೊಸದಾಗಿ ಬಂದಿದ್ದ ಕೆನೆ ಬೇರ್ಪಡಿಸುವ ಯಂತ್ರವನ್ನು ಒಬ್ಬಂಟಿಯಾಗಿ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. 1882ರಲ್ಲಿ ಪಶ್ಚಿಮ ಯುಟ್‌ಲಂಡಿನ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಕೂಡಿ ಮೊದಲ ಸಹಕಾರಿ ಹಾಲಿನ ಕೇಂದ್ರವನ್ನು ಕಟ್ಟಿದರು. ಎಲ್ಲರ ಹಾಲೂ ಅಲ್ಲಿಗೆ ಬರುವುದು. ಕೆನೆ ತೆಗೆದ ಹಾಲು ಮನೆಗೆ ಮರಳಿ ಹಂದಿಗಳಿಗೆ ಮೇವಾಗುವುದು. ಬೆಣ್ಣೆಯ ಲಾಭವು ತಂದ ಹಾಲಿಗೆ ಅನುಸಾರವಾಗಿ ಹಂಚಿಕೆಯಾಗುವುದು. ಆದರೆ ಸಭೆಯಲ್ಲಿ ಮತ ಮಾತ್ರ ತಲೆಗೆ ಒಂದೇ. ನೂರು ಹಸುಗಳಿದ್ದವನಿಗೂ ಒಂದು ಮತ, ಎರಡು ಹಸುಗಳಿದ್ದವನಿಗೂ ಒಂದು ಮತ. ಎರಡೇ ದಶಕಗಳಲ್ಲಿ ಇಂತಹ ಕೇಂದ್ರಗಳು ಸುಮಾರು ಸಾವಿರವಾದುವು. ಇವುಗಳ ಮುಂದಾಳುಗಳಲ್ಲಿ ಅನೇಕರು ಜನತಾ ಪ್ರೌಢಶಾಲೆಗಳಲ್ಲಿ ಕುಳಿತು ಬಂದವರು. ಪರೀಕ್ಷೆಯಿಲ್ಲದ ಆ ಶಾಲೆಯು ಕಲಿಸಿದುದು ಒಬ್ಬರನ್ನೊಬ್ಬರು ನಂಬುವ ವಿದ್ಯೆಯನ್ನು. ಪಟ್ಟಣಗಳಲ್ಲಿ ಕಾರ್ಮಿಕರೂ ಸಂಘಟಿತರಾದರು. ದೀರ್ಘವಾದ ಬೀಗಮುದ್ರೆಯ ಅನಂತರ 1899ರ ಸೆಪ್ಟೆಂಬರಿನಲ್ಲಿ ಮಾಲಿಕರೂ ಕಾರ್ಮಿಕರೂ ಮಾಡಿಕೊಂಡ ಒಡಂಬಡಿಕೆಯು ಇಂದಿಗೂ ಅಲ್ಲಿಯ ಕಾರ್ಮಿಕ ವ್ಯವಹಾರದ ತಳಹದಿಯೆನಿಸಿದೆ.

ಇಲ್ಲಿಯವರೆಗೆ ‘ಜನ’ವೆಂದರೆ ದುಡಿಯಬಲ್ಲವರು. ದುಡಿಯಲಾರದವರ ಗತಿಯೇನು? 1849ರ ರಾಜ್ಯಾಂಗವು ಬಡವನಿಗೆ ನೆರವು ದೊರೆಯುವುದೆಂದಿತು. ಆದರೆ ನೆರವು ಪಡೆದು ಅದನ್ನು ತೀರಿಸದವನು ಮತದಾನದ ಹಕ್ಕನ್ನು ಕಳೆದುಕೊಳ್ಳುತ್ತಿದ್ದನು. ಎಂದರೆ, ಹಸಿದವನು ಅನ್ನವನ್ನು ಪಡೆಯಬೇಕಾದರೆ ‘ಜನ’ದೊಳಗಿನ ತನ್ನ ಸ್ಥಾನವನ್ನು ಒತ್ತೆಯಿಡಬೇಕಾಗಿತ್ತು. ಡೆನ್ಮಾರ್ಕಿನ ಕಲ್ಯಾಣ ವ್ಯವಸ್ಥೆಯ ಇತಿಹಾಸವೆಂದರೆ ಈ ಒತ್ತೆಯನ್ನು ಬಿಡಿಸಿದ ಇತಿಹಾಸವೇ ಸರಿ. 1891ರ ಕಾನೂನು 60 ವರ್ಷ ದಾಟಿದ ನಿರ್ಗತಿಕ ವೃದ್ಧರಿಗೆ, ಹಕ್ಕುಚ್ಯುತಿಯಿಲ್ಲದೆ, ನೆರವನ್ನು ವಿಧಿಸಿತು. 1892ರಲ್ಲಿ ಕಾಯಿಲೆಯ ನಿಧಿಗಳಿಗೂ 1907ರಲ್ಲಿ ನಿರುದ್ಯೋಗ ನಿಧಿಗಳಿಗೂ ಸರಕಾರದ ಒತ್ತಾಸೆ ದೊರೆಯಿತು. 1933ರ ಜನವರಿ 30ರಂದು ಪ್ರಧಾನಿ ಸ್ಟೌನಿಂಗರ ಮನೆಯಲ್ಲಿ, ಕ್ಯಾನ್ಸ್ಲರ್‌ಗಾಡೆ ಬೀದಿಯಲ್ಲಿ, ರೈತಪಕ್ಷವೂ ಆಳುವ ಪಕ್ಷಗಳೂ ಒಂದು ಒಪ್ಪಂದಕ್ಕೆ ಬಂದುವು. ನೆರೆಯ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೇರಿದುದೂ ಅದೇ ದಿನ. ಒಪ್ಪಂದದ ಫಲವಾಗಿ ಸಚಿವ ಸ್ಟೈಂಕೆಯವರ ಸುಧಾರಣೆಯು ಅಂಗೀಕೃತವಾಯಿತು: ಚದುರಿದ್ದ 55 ಕಾನೂನುಗಳು 4ಕ್ಕೆ ಇಳಿದುವು, ನೆರವೆಂಬುದು ಅಧಿಕಾರಿಯ ದಯೆಯಲ್ಲ, ಪೌರನ ಹಕ್ಕು ಎಂಬ ತತ್ತ್ವವು ನೆಲೆಗೊಂಡಿತು. ಆದರೂ ಕೆಲವು ಬಗೆಯ ನೆರವಿಗೆ ಅಂಟಿಕೊಂಡಿದ್ದ ಮತಚ್ಯುತಿಯು ಪೂರ್ತಿಯಾಗಿ ಅಳಿದುದು 1961ರಲ್ಲಿ. 1956ರಲ್ಲಿ ಫೊಲ್ಕೆಪೆನ್ಶನ್ ಶಾಸನವಾಗಿ, 67 ವರ್ಷ ತುಂಬಿದ ಬಡವ ಬಲ್ಲಿದರಿಬ್ಬರೂ ಒಂದೇ ಪಂಕ್ತಿಗೆ ಬಂದರು. ಸರ್ವರಿಗೂ ದೊರೆಯುವುದನ್ನು ಪಡೆಯುವಲ್ಲಿ ಯಾರಿಗೂ ನಾಚಿಕೆಯಿಲ್ಲವೆಂಬುದೇ ಇದರ ಮರ್ಮ.

ಇಂದು ಅಲ್ಲಿ ವೈದ್ಯಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ತೆರಿಗೆಯೇ ಹೊರುತ್ತದೆ. ವಿಶ್ವವಿದ್ಯಾಲಯದಲ್ಲಿ ಪೌರರಿಗೆ ಶುಲ್ಕವಿಲ್ಲ. ಶಿಶುವಿಹಾರದಿಂದ ವೃದ್ಧರ ಆರೈಕೆಯವರೆಗಿನ ಹೊಣೆಯನ್ನು 98 ಪುರಸಭೆಗಳು ಹೊತ್ತಿವೆ. ಹಿಂದೆ ಮನೆಯೊಳಗೆ ಹೆಂಗಸರು ಸಂಬಳವಿಲ್ಲದೆ ಮಾಡುತ್ತಿದ್ದ ಆರೈಕೆಯು 1960ರ ದಶಕದಿಂದೀಚೆಗೆ ಸಾರ್ವಜನಿಕ ಉದ್ಯೋಗವಾಗಿ, ಹೆಂಗಸರು ದುಡಿಮೆಗೆ ಹೊರಬರಲು ಅನುವಾಯಿತು. ಇದಕ್ಕೆ ತೆರುವ ಬೆಲೆಯೂ ಅಲ್ಪವಲ್ಲ. ಕೊಳ್ಳುವ ವಸ್ತುಗಳ ಮೇಲೆ ನೂರಕ್ಕೆ 25ರಷ್ಟು ತೆರಿಗೆ. ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಸರಕಾರದ ಬೊಕ್ಕಸಕ್ಕೆ. ತಾನು ಕೊಟ್ಟುದು ತನ್ನವರಿಗೇ ಸೇರುತ್ತದೆಂಬ ನಂಬಿಕೆಯಿಲ್ಲದೆ ಇಷ್ಟನ್ನು ಯಾರೂ ಮನಃಪೂರ್ವಕವಾಗಿ ತೆರಲಾರರು. ಆ ‘ತನ್ನವರು’ ಯಾರು ಎಂಬಲ್ಲಿಯೇ ತೊಡಕು.

ಈ ತೊಡಕಿನ ಕರಿನೆರಳು ಸುಧಾರಣೆಯ ದಿನಗಳಲ್ಲಿಯೇ ಕಾಣಿಸಿಕೊಂಡಿತ್ತು. 1929ರಲ್ಲಿ ಡೆನ್ಮಾರ್ಕ್ ಕೆಲವರ ಸಂತಾನಶಕ್ತಿಯನ್ನು ನಿರೋಧಿಸುವ ಕಾನೂನನ್ನು ಮಾಡಿತು. ಬುದ್ಧಿಮಾಂದ್ಯರೆಂದು ಗುರುತಿಸಲ್ಪಟ್ಟವರು ಮುಂದೆ ಅದಕ್ಕೆ ಗುರಿಯಾದರು. 1951ರಲ್ಲಿ ಗ್ರೀನ್‌ಲೆಂಡಿನಿಂದ 22 ಮಕ್ಕಳನ್ನು, ಡೇನಿಷ್ ನುಡಿ ನಡೆಗಳನ್ನು ಕಲಿಸಿ ಮಾದರಿಯಾಗಿಸುವೆವೆಂದು, ಮನೆಯವರಿಂದ ಅಗಲಿಸಿ ಡೆನ್ಮಾರ್ಕಿಗೆ ಒಯ್ದರು. ಹಿಂತಿರುಗಿದವರಲ್ಲಿ ಅನೇಕರಿಗೆ ಹೆತ್ತ ತಾಯಿಯೊಡನೆ ಆಡಲು ಮಾತೇ ಉಳಿದಿರಲಿಲ್ಲ. ತಾಯ್ನುಡಿಯ ಮೇಲೆ ತನ್ನ ಬಾಳನ್ನೇ ಕಟ್ಟಿಕೊಂಡ ನಾಡು ಇನ್ನೊಂದು ಜನದ ತಾಯ್ನುಡಿಯನ್ನು ಹೀಗೆ ಕಿತ್ತುಕೊಂಡುದು ವಿಷಾದಕರ. ಸರಕಾರವು ಇದಕ್ಕಾಗಿ ಕ್ಷಮೆ ಕೇಳಿದುದು 2020ರಲ್ಲಿ. ಇದರ ಎದುರಿಗೆ 1943ರ ಅಕ್ಟೋಬರನ್ನೂ ಇಟ್ಟು ನೋಡಬೇಕು: ಜರ್ಮನರ ಆಕ್ರಮಣದ ಕಾಲದಲ್ಲಿ, ಸೆರೆಹಿಡಿಯುವ ಸುದ್ದಿ ತಿಳಿದೊಡನೆ, ಸಾಮಾನ್ಯ ಜನರು 7,000ಕ್ಕೂ ಹೆಚ್ಚು ಯಹೂದ್ಯರನ್ನು ಮೀನುದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿ ಉಳಿಸಿದರು. ಅಂದು ‘ಜನ’ ಎಂಬ ಪದವು ಮತಭೇದವನ್ನು ಮೀರಿ ನಿಂತಿತ್ತು.

1960ರ ದಶಕದ ಕೊನೆಯಲ್ಲಿ ತುರ್ಕಿ, ಯುಗೋಸ್ಲಾವಿಯ, ಪಾಕಿಸ್ತಾನಗಳಿಂದ ಕೂಲಿಕಾರರು ಬಂದರು. 1973ರಲ್ಲಿ ಈ ಬಗೆಯ ವಲಸೆಯನ್ನು ನಿಲ್ಲಿಸಲಾಯಿತು. ಬಂದವರು ಅಲ್ಲಿಯೇ ನೆಲೆಸಿದರು, ಕುಟುಂಬಗಳನ್ನು ಕರೆಸಿಕೊಂಡರು. 1983ರ ಉದಾರವಾದ ಕಾನೂನಿನ ಅನಂತರ ನಿರಾಶ್ರಿತರ ಸಂಖ್ಯೆಯೂ ಬೆಳೆಯಿತು. 2002ರಿಂದ ನಿಯಮಗಳು ಬಿಗಿಯಾದುವು. 2018ರಲ್ಲಿ ಬಂದ ಕಟ್ಟಳೆಗಳು ಕೆಲವು ವಸತಿಪ್ರದೇಶಗಳನ್ನು ನಿರುದ್ಯೋಗ, ಅಪರಾಧ, ಶಿಕ್ಷಣ, ಆದಾಯಗಳೊಡನೆ ನಿವಾಸಿಗಳ ಮೂಲವನ್ನೂ ನೋಡಿ ಪಟ್ಟಿಮಾಡಿದುವು. ಆ ಪ್ರದೇಶಗಳ ಶಿಶುಗಳು ಒಂದು ವರ್ಷ ತುಂಬಿದೊಡನೆ ವಾರಕ್ಕೆ 25 ಗಂಟೆ ಶಿಶುವಿಹಾರದಲ್ಲಿರಬೇಕೆಂದು ವಿಧಿಸಿದುವು. ಸಮರ್ಥಕರು ಹೇಳುವುದಿದು: ಭಾಷೆಯೂ ನಂಬಿಕೆಯೂ ಒಂದಾಗದಿದ್ದರೆ ಹಂಚಿ ಉಣ್ಣುವ ವ್ಯವಸ್ಥೆಯೇ ಕುಸಿಯುತ್ತದೆ. ವಿರೋಧಿಗಳು ಹೇಳುವುದಿದು: ಹುಟ್ಟಿನ ಮೂಲವನ್ನು ಎಣಿಸಿ ನಿಯಮವನ್ನು ಹೇರಿದರೆ ಸಮಾನತೆಯ ಬುಡಕ್ಕೇ ಕೊಡಲಿ ಬೀಳುತ್ತದೆ. ಎರಡು ಮಾತುಗಳಲ್ಲಿಯೂ ಸತ್ಯದ ಅಂಶವಿರುವುದರಿಂದಲೇ ವಾದವು ಮುಗಿದಿಲ್ಲ.

ಒಳಗಿನವರ ನಡುವೆಯೂ ಕರಾರನ್ನು ಮತ್ತೆ ಅಳೆಯಲಾಗುತ್ತಿದೆ. 1686ರಿಂದ ಆಚರಣೆಯಲ್ಲಿದ್ದ ‘ಮಹಾ ಪ್ರಾರ್ಥನೆಯ ದಿನ’ದ ರಜೆಯನ್ನು, ರಕ್ಷಣಾವೆಚ್ಚದ ಕಾರಣವನ್ನು ಮುಂದಿಟ್ಟು, 2024ರಿಂದ ರದ್ದುಮಾಡಿದಾಗ ಜನರು ಬೀದಿಗಿಳಿದು ಪ್ರತಿಭಟಿಸಿದರು. ಆಯುಸ್ಸು ಹೆಚ್ಚಿದಂತೆ ಮುಪ್ಪಿನ ವೇತನದ ವಯಸ್ಸನ್ನೂ ಏರಿಸುವ ಪದ್ಧತಿಗನುಸಾರವಾಗಿ, 2040ರಿಂದ ಅದು 70 ಆಗಬೇಕೆಂದು 2025ರಲ್ಲಿ ಜನಸಭೆಯು ನಿರ್ಣಯಿಸಿತು. ಇಟ್ಟಿಗೆ ಹೊರುವವನ 70ಕ್ಕೂ ಕಚೇರಿಯಲ್ಲಿ ಕುಳಿತವನ 70ಕ್ಕೂ ವ್ಯತ್ಯಾಸವಿಲ್ಲವೇ ಎಂಬುದು ಕಾರ್ಮಿಕರ ಪ್ರಶ್ನೆ.

ಒಟ್ಟಿನಲ್ಲಿ, ಡೆನ್ಮಾರ್ಕಿನ ಕಲ್ಯಾಣ ವ್ಯವಸ್ಥೆಯನ್ನು ಸಿರಿವಂತ ದೇಶವೊಂದರ ಔದಾರ್ಯವೆಂದು ಭಾವಿಸುವುದು ತಪ್ಪು. ಸೋತು ಕುಗ್ಗಿದ ನಾಡೊಂದರ ರೈತರು, ಕಾರ್ಮಿಕರು, ಉಪಾಧ್ಯಾಯರು ತಲೆಗೊಂದು ಮತವೆಂದು ಕೂಡಿ ಕುಳಿತು ಕಟ್ಟಿದ ಮನೆಯದು. ಆ ಮನೆಯಲ್ಲಿ ನೆರವು ಪಡೆದವನು ತನ್ನ ಮತವನ್ನು ಒತ್ತೆಯಿಡಬೇಕಾಗಿದ್ದ ಕಾಲ ಕಳೆಯಲು 112 ವರ್ಷಗಳು ಹಿಡಿದುವು. ದೂರದಿಂದ ಬಂದವನ ಮಗುವು ತನ್ನ ಹುಟ್ಟಿನ ಲೆಕ್ಕ ಕೊಡದೆ ಅದೇ ಮನೆಯಲ್ಲಿ ಬೆಳೆಯುವ ಕಾಲಕ್ಕೆ ಇನ್ನೆಷ್ಟು ವರ್ಷಗಳು ಬೇಕು ಎಂಬುದರ ಮೇಲೆ ‘ಫೊಲ್ಕ್’ ಎಂಬ ಪದದ ಮುಂದಿನ ಅರ್ಥವು ನಿಂತಿದೆ.