200 ಡಾಲರ್ ಸ್ಕೋಪು, 3,000 ಡಾಲರ್ ಸ್ಕೋಪು: ಹೆಚ್ಚಿನ ದುಡ್ಡಿಗೆ ಏನು ಕಾಣುತ್ತದೆ?



ಯೂನಿಯನ್‌ವಿಲ್‌ನ ಟೂಗುಡ್ ಪಾಂಡ್ ಸುತ್ತ ವಾಕಿಂಗ್ ಹೋಗುವ ನಮ್ಮವರಲ್ಲಿ ಹಕ್ಕಿ ನೋಡುವ ಹುಚ್ಚು ಹತ್ತಿದವರು ಕಡಿಮೆಯೇನಿಲ್ಲ. ಬೈನಾಕ್ಯುಲರ್ ಆದ ಮೇಲೆ ಕಣ್ಣು ಬೀಳುವುದು ಸ್ಪಾಟಿಂಗ್ ಸ್ಕೋಪಿನ ಮೇಲೆ. ಅಂದರೆ ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ಪುಟ್ಟ ದೂರದರ್ಶಕ. ಅಂಗಡಿಗೆ ಹೋದರೆ ತಲೆ ತಿರುಗುತ್ತದೆ! ಎರಡು ಸ್ಕೋಪುಗಳ ಮೇಲೂ 20ರಿಂದ 60 ಪಟ್ಟು, 80 ಮಿ.ಮೀ. ಎಂದೇ ಬರೆದಿರುತ್ತದೆ. ಒಂದಕ್ಕೆ ಸುಮಾರು 200 ಡಾಲರ್, ಇನ್ನೊಂದಕ್ಕೆ 3,000ಕ್ಕೂ ಹೆಚ್ಚು.

ಮೈಸೂರಿನಿಂದ ಬಂದಿದ್ದ ನಮ್ಮಪ್ಪ ಬೆಲೆ ಕೇಳಿ, "ಅಲ್ಲೋ, ಈ ದುಡ್ಡಿಗೆ ನಾನೂ ನಿಮ್ಮಮ್ಮನೂ ಊರಿಗೆ ಹೋಗಿ ಬರಬಹುದಲ್ಲೋ" ಅಂದರು. ಅವರ ಮಾತೂ ಸರಿಯೇ. ರಂಗನತಿಟ್ಟಿನಲ್ಲಿ ದೋಣಿಯವನೇ ಹೆಜ್ಜಾರ್ಲೆಗಳ ಪಕ್ಕಕ್ಕೆ ಕರೆದೊಯ್ಯುತ್ತಾನೆ, ಬರಿಗಣ್ಣೇ ಸಾಕು. ಇಲ್ಲಿ ಚಳಿಗಾಲದ ಒಂಟಾರಿಯೋ ಸರೋವರದಲ್ಲಿ ಬಾತುಗಳು ಎಲ್ಲೋ ಅರ್ಧ ಕಿಲೋಮೀಟರ್ ಆಚೆ ತೇಲುತ್ತಿರುತ್ತವೆ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಲು ನನ್ನ ಅಗ್ಗದ ಸ್ಕೋಪು, ಗೆಳೆಯರೊಬ್ಬರ ದುಬಾರಿ ಸ್ಕೋಪು ಎರಡನ್ನೂ ಬರ್ಲಿಂಗ್ಟನ್‌ನ ಲಾಸಾಲ್ ಪಾರ್ಕಿನಲ್ಲಿ ಅಕ್ಕಪಕ್ಕ ನಿಲ್ಲಿಸಿದೆವು. ಅಲ್ಲಿಗೇ ಯಾಕೆಂದರೆ, ಚಳಿಗಾಲದಲ್ಲಿ ಅಲ್ಲಿ ಟ್ರಂಪೆಟರ್ ಹಂಸಗಳು ಸೇರುತ್ತವೆ. ಬೇಟೆಯಿಂದಾಗಿ ಒಂಟಾರಿಯೋದಲ್ಲಿ ನಿರ್ನಾಮವಾಗಿದ್ದ ಈ ಹಂಸಗಳನ್ನು ಹ್ಯಾರಿ ಲಮ್ಸ್‌ಡೆನ್ ಎಂಬ ಜೀವವಿಜ್ಞಾನಿ 1982ರಿಂದ ಮತ್ತೆ ನೆಲೆಗೊಳಿಸಿದರು. ಕೆಲವು ಹಂಸಗಳ ರೆಕ್ಕೆಗೆ ಹಳದಿ ಪಟ್ಟಿ, ಅದರ ಮೇಲೆ ಕಪ್ಪು ಅಂಕಿ ಇರುತ್ತದೆ. ಅದನ್ನು ಓದಿ ವರದಿ ಮಾಡಿದರೆ ಆ ಹಕ್ಕಿಯ ಜಾಡು ಸಿಗುತ್ತದೆ. ತಪ್ಪು ಓದಿದರೆ ಇನ್ನೊಂದು ಹಕ್ಕಿಯ ಚರಿತ್ರೆಯೇ ಕೆಡುತ್ತದೆ!

ಮಧ್ಯಾಹ್ನದ ಬೆಳಕಿನಲ್ಲಿ 20 ಪಟ್ಟಿಗೆ ಎರಡರಲ್ಲೂ ಅಂಕಿ ಸ್ಪಷ್ಟ. ಅಪ್ಪ ಗೆದ್ದ ಹಾಗೆ ನಕ್ಕರು. 40ಕ್ಕೆ ಏರಿಸಿದಾಗ ಅಗ್ಗದ್ದರಲ್ಲಿ ಬಿಳಿ ಹಂಸದ ಒಂದು ಅಂಚಿಗೆ ನೇರಳೆ, ಇನ್ನೊಂದಕ್ಕೆ ಹಸಿರು ಗೆರೆ ಬಂತು. 60ರಲ್ಲಿ 3 ಯಾವುದು 8 ಯಾವುದು ತಿಳಿಯಲಿಲ್ಲ. ದುಬಾರಿಯದರಲ್ಲಿ ಆಗಲೂ ಓದಬಹುದಿತ್ತು.

ಕಾರಣ ಇಷ್ಟೇ. ಗಾಜು ಪ್ರತಿಯೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಬಾಗಿಸುತ್ತದೆ. ಹಾಗಾಗಿ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಕೂಡುತ್ತದೆ. ಇ.ಡಿ. ಗಾಜು ಅಥವಾ ಕೋವಾ ಕಂಪನಿಯ ಟಿಎಸ್‌ಎನ್-883ರಲ್ಲಿರುವಂಥ ಫ್ಲೋರೈಟ್ ಹರಳು ಈ ಚದುರುವಿಕೆಯನ್ನು ಬಹಳಷ್ಟು ತಗ್ಗಿಸುತ್ತದೆ. ಇನ್ನೊಂದು ಕೋಟಿಂಗ್. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು ಶೇ. 4 ಬೆಳಕು ಪ್ರತಿಫಲಿಸಿ ಹೋಗುತ್ತದೆ. ಹತ್ತು ಮೈ ದಾಟುವಷ್ಟರಲ್ಲಿ ಉಳಿಯುವುದು ಶೇ. 66. ನಷ್ಟವನ್ನು ಶೇ. 0.5ಕ್ಕೆ ಇಳಿಸಿದರೆ ಶೇ. 95 ಉಳಿಯುತ್ತದೆ. ಬರೀ 'ಕೋಟೆಡ್' ಎಂದಿದ್ದರೆ ನಂಬಬೇಡಿ, 'ಫುಲ್ಲಿ ಮಲ್ಟಿ-ಕೋಟೆಡ್' ಎಂದಿದೆಯೇ ನೋಡಿ.

ದುಡ್ಡು ಸುರಿದರೂ ಬದಲಾಗದ ಲೆಕ್ಕವೊಂದಿದೆ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 80 ಮಿ.ಮೀ. ಸ್ಕೋಪಿಗೆ 20 ಪಟ್ಟಿನಲ್ಲಿ 4 ಮಿ.ಮೀ., 60ರಲ್ಲಿ ಬರೀ 1.3. ಮುಸ್ಸಂಜೆಯಲ್ಲಿ ಚಿತ್ರದ ಹೊಳಪು ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಬೇಸಿಗೆಯ ಬಿಸಿಗಾಳಿ ನಡುಗಿಸುವ ಚಿತ್ರಕ್ಕೂ ಅಷ್ಟೇ, ಯಾವ ಬೆಲೆಯಲ್ಲೂ ಮದ್ದಿಲ್ಲ.

ನನ್ನ ಕೇಳಿದರೆ, 30 ಪಟ್ಟಿನೊಳಗೆ ನೋಡುವವರಿಗೆ 3,000 ಡಾಲರ್ ದಂಡ. ನಮ್ಮ ಮನೆಯ ತೀರ್ಮಾನ ಮಾಡಿದ್ದು ಅಪ್ಪನ ಕನ್ನಡಕ. ಅಗ್ಗದ್ದರಲ್ಲಿ ಅವರಿಗೆ ಕೀಲಿಕೈ ತೂತಿನಲ್ಲಿ ಇಣುಕಿದ ಹಾಗೆ ಕಾಣುತ್ತಿತ್ತು. ಐಪೀಸಿನಿಂದ ಕಣ್ಣು 15 ಮಿ.ಮೀ.ಗಿಂತ ಹೆಚ್ಚು ದೂರವಿದ್ದರೂ ಪೂರ್ತಿ ಕಾಣುವಂಥ ಸ್ಕೋಪು ಕನ್ನಡಕದವರಿಗೆ ಬೇಕು. ಹಾಗಾಗಿ ಇ.ಡಿ. ಗಾಜಿರುವ, ಮಧ್ಯಮ ಬೆಲೆಯ 65 ಮಿ.ಮೀ. ಸ್ಕೋಪೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡೆವು. ಟಾರ್ಚ್ ಬಿಟ್ಟು ಒಳಗೆ ಬೂಸ್ಟು ಹಿಡಿದಿಲ್ಲವೆಂದು ನೋಡಿಕೊಂಡೇ ದುಡ್ಡು ಕೊಟ್ಟಿದ್ದು.

ಅಂದ ಹಾಗೆ, ಸ್ಕೋಪನ್ನು ಸೂರ್ಯನತ್ತ ತಿರುಗಿಸಲೇಬಾರದು, ಕಣ್ಣೇ ಹೋದೀತು. ಮಕ್ಕಳಿಗೆ ಮೊದಲು ಇದನ್ನು ಹೇಳಿ. ಚಳಿಯೆಂದು ಮನೆಯೊಳಗೆ ಕೂತು ಕಿಟಕಿಯ ಜೋಡಿ ಗಾಜಿನ ಮೂಲಕ ನೋಡಿದರೆ ದುಬಾರಿ ಸ್ಕೋಪೂ ಮಸುಕು. ಜಾಕೆಟ್ ಹಾಕಿಕೊಂಡು ಹೊರಗೇ ನಿಲ್ಲಬೇಕು!